ಹೆರಿಗೆಯಲ್ಲಿ ಮಗುವಿಗೆ ಪೆಟ್ಟಾದರೆ: ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಓಡಬೇಕು

ಬಾಣಂತಿ ವಾರ್ಡಿಗೆ ಮಗು ನೋಡಲು ಬಂದವರು ಮೊದಲು ಕೇಳುವುದು ಗಂಡೋ ಹೆಣ್ಣೋ ಅಂತ. ಆಮೇಲೆ ತೂಕ ಎಷ್ಟು ಅಂತ. ಮೂರನೆಯ ಪ್ರಶ್ನೆ ಮಗುವಿನ ಟೋಪಿ ತೆಗೆದ ಮೇಲೆ ಬರುತ್ತದೆ. "ಇದೇನು, ತಲೆ ಯಾಕೆ ಹೀಗಿದೆ?" ಒಂದು ಕಡೆ ಉಬ್ಬಿರುತ್ತದೆ. ಇಲ್ಲವೇ ಹಿಂದಕ್ಕೆ ಉದ್ದವಾಗಿ ಎಳೆದಂತಿರುತ್ತದೆ. ಕೂಡಲೇ ಒಬ್ಬರು "ಏನೂ ಆಗಲ್ಲ, ಎಣ್ಣೆ ಹಚ್ಚಿ ತಿಕ್ಕಿದ್ರೆ ಸರಿಹೋಗುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ಎಳೆದೂ ಎಳೆದೂ ಹೀಗೆ ಮಾಡಿದ್ದಾರೆ" ಎಂದು ಮುಖ ಗಂಟಿಕ್ಕುತ್ತಾರೆ. ಸಾಮಾನ್ಯವಾಗಿ ಇಬ್ಬರ ಮಾತೂ ತಪ್ಪೇ.

ಹುಟ್ಟುವಾಗ ಮಗುವಿಗೆ ಆಗುವ ಪೆಟ್ಟುಗಳಲ್ಲಿ ಬಹುಪಾಲು ತಾವಾಗೇ ವಾಸಿಯಾಗುತ್ತವೆ. ಕೆಲವಕ್ಕೆ ತಿಂಗಳುಗಟ್ಟಲೆ ಆರೈಕೆ ಬೇಕು. ಬೆರಳೆಣಿಕೆಯಷ್ಟು ಮಾತ್ರ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲವು. ತೊಂದರೆ ಏನೆಂದರೆ, ಮೊದಲ ನೋಟಕ್ಕೆ ಈ ಮೂರೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಇವನ್ನು ಬೇರ್ಪಡಿಸುವ ಕೆಲಸ ಹೆಚ್ಚಾಗಿ ಬೀಳುವುದು ಡ್ಯೂಟಿಯಲ್ಲಿರುವ ಸಿಸ್ಟರ್ ಮೇಲೆ. ಡಾಕ್ಟರು ದಿನಕ್ಕೆ ಒಂದೋ ಎರಡೋ ಸಲ ರೌಂಡ್ಸ್‌ಗೆ ಬರುತ್ತಾರೆ. ಊತ ಅವರ ರೌಂಡ್ಸ್‌ಗಾಗಿ ಕಾಯುವುದಿಲ್ಲ.

ಪೆಟ್ಟು ಆಗುವುದಾದರೂ ಯಾಕೆ? ಮಗು ದೊಡ್ಡದು, ದಾರಿ ಚಿಕ್ಕದು. ಸಕ್ಕರೆ ಕಾಯಿಲೆ ಇರುವ ತಾಯಂದಿರ ಮಕ್ಕಳು 4 ಕೆ.ಜಿ. ದಾಟುವುದುಂಟು. ಮಗು ಕಾಲು ಅಥವಾ ಕುಂಡೆ ಮುಂದಾಗಿ ಬರಬಹುದು. ನೋವು ತಿನ್ನುವ ಹೊತ್ತು ತೀರಾ ಉದ್ದವಾಗಬಹುದು, ಅಥವಾ ಹೆರಿಗೆ ತೀರಾ ಬೇಗ ಆಗಿಬಿಡಬಹುದು. ತಲೆಗೆ ಕಪ್ ಅಂಟಿಸಿ ಎಳೆಯುವ ವ್ಯಾಕ್ಯೂಮ್ ಅಥವಾ ಇಕ್ಕಳದಂಥ ಫೋರ್ಸೆಪ್ಸ್ ಹಾಕಬೇಕಾಗಿ ಬರಬಹುದು. ಹಾಗಂತ ಈ ಸಲಕರಣೆಗಳೇ ಖಳನಾಯಕರಲ್ಲ. ಮಗುವಿನ ಎದೆಬಡಿತ ಕುಸಿಯುತ್ತಿರುವಾಗ ಐದು ನಿಮಿಷ ಮೊದಲೇ ಹೊರಗೆ ತಂದು ಮೆದುಳು ಉಳಿಸುವುದೂ ಇವೇ. ಸಿಸೇರಿಯನ್ ಮಾಡಿಸಿದರೆ ಪೆಟ್ಟೇ ಆಗುವುದಿಲ್ಲ ಎಂಬುದೂ ನಿಜವಲ್ಲ. ಬ್ಲೇಡ್ ತಾಗಿ ಮಗುವಿನ ಕೆನ್ನೆ ಮೇಲೋ ತಲೆ ಮೇಲೋ ಸಣ್ಣ ಗೀರು ಬೀಳುವುದುಂಟು.

ಈಗ ತಲೆಗೆ ಬರೋಣ. ಸ್ವಲ್ಪ ವಿವರವಾಗಿಯೇ ನೋಡೋಣ, ಯಾಕೆಂದರೆ ಗೊಂದಲ ಜಾಸ್ತಿ ಇರುವುದು ಇಲ್ಲೇ.

ಮಗುವಿನ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳು ಪಕ್ಕಪಕ್ಕ ಕೂತಿರುತ್ತವೆ, ನಡುವೆ ಗೆರೆಯಂಥ ಸಂದು ಇರುತ್ತದೆ. ಇಕ್ಕಟ್ಟಿನ ದಾರಿಯಲ್ಲಿ ಬರುವಾಗ ಈ ಮೂಳೆಗಳು ಒಂದರ ಮೇಲೊಂದು ಸ್ವಲ್ಪ ಜಾರಿ ತಲೆಯನ್ನು ಸಣ್ಣಗೆ ಮಾಡುತ್ತವೆ. ತಲೆ ಉದ್ದವಾಗಿ ಕಾಣುವುದು ಅದಕ್ಕೇ. ಅದು ಗಾಯವೇ ಅಲ್ಲ, ಕೆಲವು ದಿನಗಳಲ್ಲಿ ದುಂಡಗಾಗುತ್ತದೆ. ಊತದ ವಿಷಯ ಬೇರೆ. ಮೂಳೆಯ ಮೇಲೆ ತೆಳು ಪೊರೆ ಬಿಗಿಯಾಗಿ ಅಂಟಿಕೊಂಡಿದೆ. ಅದರ ಮೇಲೆ ಹಣೆಯಿಂದ ಹಿಂಗತ್ತಿನವರೆಗೆ ಹರಡಿದ ಗಟ್ಟಿ ಪದರ ಒಂದಿದೆ. ಅದರ ಮೇಲೆ ಚರ್ಮ. ನೀರೋ ರಕ್ತವೋ ಈ ಪದರಗಳಲ್ಲಿ ಎಲ್ಲಿ ಸೇರಿಕೊಂಡಿದೆ ಅನ್ನುವುದರ ಮೇಲೆ ಇಡೀ ಕಥೆ ನಿಂತಿದೆ.

ಎಲ್ಲಕ್ಕಿಂತ ಮೇಲೆ, ಚರ್ಮದಲ್ಲೇ ನೀರು ತುಂಬಿದರೆ ಅದು ಕ್ಯಾಪುಟ್. ಗರ್ಭಕೋಶದ ಬಾಯಿ ತಲೆಯನ್ನು ಸುತ್ತ ಒತ್ತಿ ಹಿಡಿದಿರುತ್ತದಲ್ಲ, ಆ ಒತ್ತಡದಿಂದ ಬರುವ ಬಾವು. ಹುಟ್ಟಿದಾಗಲೇ ಇರುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕುಳಿ ಬೀಳುತ್ತದೆ. ಮೂಳೆಗಳ ನಡುವಿನ ಗೆರೆ ದಾಟಿ ಎರಡೂ ಕಡೆ ಹರಡಿರುತ್ತದೆ. ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ. ಏನೂ ಮಾಡಬೇಕಾಗಿಲ್ಲ.

ಎಲ್ಲಕ್ಕಿಂತ ಕೆಳಗೆ, ಮೂಳೆಗೂ ಅದರ ಪೊರೆಗೂ ನಡುವೆ ರಕ್ತ ಸೇರಿದರೆ ಸೆಫಾಲ್‌ಹೆಮಟೋಮಾ. ಇದು ಹುಟ್ಟಿದಾಗ ಕಾಣದೇ ಇರಬಹುದು. ಕೆಲವು ಗಂಟೆ ಬಿಟ್ಟು ಅಥವಾ ಮರುದಿನ ಕೈಗೆ ಸಿಗುತ್ತದೆ. "ನಿನ್ನೆ ಇರಲಿಲ್ಲ, ಇವತ್ತು ಬಂದಿದೆ, ಯಾರೋ ಬೀಳಿಸಿದ್ದಾರೆ" ಎಂದು ಮನೆಯವರು ಗಾಬರಿಯಾಗುವುದು ಇದಕ್ಕೇ. ಪೊರೆ ಪ್ರತಿ ಮೂಳೆಯ ಅಂಚಿಗೆ ಅಂಟಿಕೊಂಡಿರುವುದರಿಂದ ಈ ಗಡ್ಡೆ ಗೆರೆ ದಾಟುವುದಿಲ್ಲ. ಒಂದು ಮೂಳೆಯ ಮೇಲೇ, ಸ್ಪಷ್ಟ ಅಂಚಿನೊಂದಿಗೆ ಕೂತಿರುತ್ತದೆ. ಕರಗಲು ವಾರಗಳು ಬೇಕು, ಕೆಲವೊಮ್ಮೆ ಮೂರು ತಿಂಗಳವರೆಗೂ ಆಗುತ್ತದೆ. ಕರಗುವಾಗ ಅಂಚು ಗಟ್ಟಿಯಾಗಿ ನಡುವೆ ತಗ್ಗಾದಂತೆ ಅನ್ನಿಸುತ್ತದೆ. "ಬುರುಡೆ ಒಳಗೆ ಹೋಗಿದೆ" ಎಂದು ಓಡಿಬರುವವರಿದ್ದಾರೆ. ಹೋಗಿರುವುದಿಲ್ಲ. ಸಿರಿಂಜ್ ಹಾಕಿ ರಕ್ತ ಎಳೆದುಬಿಡಿ ಎಂದು ಒತ್ತಾಯ ಮಾಡುವವರೂ ಇದ್ದಾರೆ. ಅದು ಮಾಡಬಾರದ ಕೆಲಸ. ತನ್ನಷ್ಟಕ್ಕೆ ಕರಗುವ ರಕ್ತಕ್ಕೆ ಸೂಜಿ ಚುಚ್ಚಿ ಸೋಂಕು ತುಂಬಿದಂತಾಗುತ್ತದೆ.

ಈ ಎರಡರ ನಡುವೆ, ಗಟ್ಟಿ ಪದರಕ್ಕೂ ಮೂಳೆಯ ಪೊರೆಗೂ ಮಧ್ಯೆ ಒಂದು ಸಡಿಲ ಜಾಗ ಇದೆ. ಹುಬ್ಬಿನಿಂದ ಹಿಂಗತ್ತಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಎಲ್ಲೂ ತಡೆಯಿಲ್ಲ. ಇಲ್ಲಿ ರಕ್ತನಾಳ ಹರಿದರೆ ಸಬ್‌ಗೇಲಿಯಲ್ ಹೆಮರೇಜ್. ವ್ಯಾಕ್ಯೂಮ್ ಹಾಕಿದ ಹೆರಿಗೆಗಳಲ್ಲಿ, ಅದರಲ್ಲೂ ಕಪ್ ಜಾರಿ ಮತ್ತೆ ಮತ್ತೆ ಹಾಕಬೇಕಾದಾಗ, ಇದರ ಭಯ ಹೆಚ್ಚು. ಲೆಕ್ಕ ನೋಡಿ. ನವಜಾತ ಶಿಶುವಿನ ಮೈಯಲ್ಲಿ ಕೆ.ಜಿ.ಗೆ 80ರಿಂದ 90 ಮಿ.ಲೀ. ರಕ್ತ ಇರುತ್ತದೆ. 3 ಕೆ.ಜಿ. ಮಗುವಿಗೆ ಸುಮಾರು 250 ಮಿ.ಲೀ., ಅಂದರೆ ದೊಡ್ಡ ಲೋಟದಷ್ಟು. ಆ ಸಡಿಲ ಜಾಗ ಅಷ್ಟನ್ನೂ ಹಿಡಿಸಬಲ್ಲದು. ಹೊರಗೆ ಒಂದು ಹನಿ ರಕ್ತವೂ ಕಾಣದೆ ಮಗು ರಕ್ತಸ್ರಾವದಿಂದ, ಮೈಗೆ ರಕ್ತ ಸಾಲದೆ, ಶಾಕ್‌ಗೆ ಹೋಗುತ್ತದೆ.

ಮುಟ್ಟಿದರೆ ಇದು ನೀರು ಅರ್ಧ ತುಂಬಿದ ಪ್ಲಾಸ್ಟಿಕ್ ಕವರ್ ಥರ ಇರುತ್ತದೆ. ಅಂಚೇ ಸಿಗುವುದಿಲ್ಲ. ಮಗುವನ್ನು ಆ ಕಡೆ ಮಲಗಿಸಿದರೆ ಆ ಕಡೆ, ಈ ಕಡೆ ಮಲಗಿಸಿದರೆ ಈ ಕಡೆ ಜಾರುತ್ತದೆ. ಹೆಚ್ಚಾದಾಗ ಕಿವಿ ಮುಂದಕ್ಕೆ ತಳ್ಳಿದಂತೆ ಕಾಣುತ್ತದೆ, ಕಣ್ಣಿನ ಸುತ್ತ ಬಾವು ಬರುತ್ತದೆ. ಆದರೆ ಕಿವಿ ಮುಂದೆ ಬರುವವರೆಗೆ ಕಾದರೆ ತಡವಾಯಿತು ಅಂತಲೇ.

ಹಾಗಾಗಿ ವ್ಯಾಕ್ಯೂಮ್ ಹಾಕಿದ ಮಗುವನ್ನು ಮೊದಲ ಕೆಲವು ಗಂಟೆ ಬಿಡದೆ ಗಮನಿಸಬೇಕು. ಟೋಪಿ ತೆಗೆಯದೆ ನೋಡಿದರೆ ಅದು ನೋಡಿದಂತಲ್ಲ. ಟೋಪಿ ತೆಗೆದು, ಹಣೆಯಿಂದ ಹಿಂಗತ್ತಿನವರೆಗೆ ಅಂಗೈಯಿಂದ ಸವರಿ, ಟೇಪ್ ಹಿಡಿದು ತಲೆಯ ಸುತ್ತಳತೆ ತೆಗೆದು, ಮತ್ತೆ ಟೋಪಿ ಹಾಕಬೇಕು. ಚಳಿ ಹಿಡಿದ ಮಗು ಇನ್ನಷ್ಟು ಬೇಗ ಕುಸಿಯುತ್ತದೆ, ಅದಕ್ಕೇ ಮತ್ತೆ ಹಾಕುವುದು. ಸುತ್ತಳತೆ 1 ಸೆಂ.ಮೀ. ಹೆಚ್ಚಾಯಿತೆಂದರೆ ಸುಮಾರು 40 ಮಿ.ಲೀ. ರಕ್ತ ಒಳಗೆ ಸೇರಿದೆ ಎಂದು ಅಂದಾಜು. ಮಗುವಿನ ಒಟ್ಟು ರಕ್ತದಲ್ಲಿ ಅದು ಸಣ್ಣ ಪಾಲಲ್ಲ. ಜೊತೆಗೆ ಎದೆಬಡಿತ ನಿಮಿಷಕ್ಕೆ 160 ದಾಟಿ ಅಲ್ಲೇ ನಿಂತಿದೆಯೇ, ಉಸಿರು 60 ದಾಟಿದೆಯೇ, ತುಟಿ ಬಿಳುಚಿಕೊಂಡಿದೆಯೇ, ಪಾದ ತಣ್ಣಗಿದೆಯೇ ನೋಡಬೇಕು. ಎದೆಯ ಮೂಳೆ ಮೇಲೆ ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ವಾಪಸ್ ಬರಲು 3 ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತಿದೆಯೇ? ಬಿ.ಪಿ. ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಎಳೆಮಕ್ಕಳಲ್ಲಿ ಅದು ಕೊನೆಗೆ ಬೀಳುವುದು. ಅನುಮಾನ ಬಂದರೆ ಡಾಕ್ಟರನ್ನು ಎಬ್ಬಿಸಲು ಹಿಂದೆಮುಂದೆ ನೋಡಬಾರದು. ರಕ್ತ ಕೊಡಬೇಕಾಗುತ್ತದೆ, ನವಜಾತ ಶಿಶುಗಳ ವಿಶೇಷ ಅಥವಾ ತೀವ್ರ ನಿಗಾ ಘಟಕ, ಅಂದರೆ ಎಸ್‌ಎನ್‌ಸಿಯು ಅಥವಾ ಎನ್‌ಐಸಿಯು ಬೇಕಾಗುತ್ತದೆ.

ಬರೆದಿಡುವುದರ ಬಗ್ಗೆಯೂ ಒಂದು ಮಾತು. ಕೇಸ್ ಶೀಟಿನಲ್ಲಿ "ಮಗು ಚೆನ್ನಾಗಿದೆ, ತಲೆ ಮೇಲೆ ಊತ ಇದೆ" ಎಂದು ಬರೆದರೆ ಮುಂದಿನ ಶಿಫ್ಟ್‌ನವರಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. "ಬಲಗಡೆ ಕಿವಿಯ ಮೇಲ್ಭಾಗದಲ್ಲಿ ಊತ, 3 ಸೆಂ.ಮೀ. ಅಗಲ, ಗೆರೆ ದಾಟಿಲ್ಲ, ಸುತ್ತಳತೆ 34, ಸಂಜೆ 6 ಗಂಟೆ" ಎಂದು ಬರೆದರೆ, ರಾತ್ರಿ 10ಕ್ಕೆ ನೋಡುವವರಿಗೆ ಹೆಚ್ಚಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬೆಳೆಯುತ್ತಿದೆಯೋ ಇಲ್ಲವೋ ಎಂಬುದೇ ಇಲ್ಲಿ ರೋಗನಿರ್ಣಯದ ಅರ್ಧ.

ಹುಟ್ಟಿದ ಪ್ರತಿ ಮಗುವಿಗೂ ತೊಡೆಗೆ ವಿಟಮಿನ್ ಕೆ ಚುಚ್ಚುವುದು ಈ ರಕ್ತಸ್ರಾವಗಳ ಭಯಕ್ಕೂ ಸೇರಿಯೇ. ಮಕ್ಕಳು ಹುಟ್ಟುವಾಗ ಮೈಯಲ್ಲಿ ಇದು ತುಂಬಾ ಕಡಿಮೆ ಇರುತ್ತದೆ. ಇಲ್ಲದಿದ್ದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಸಾಮಾನ್ಯ ತೂಕದ ಮಗುವಿಗೆ 1 ಮಿ.ಗ್ರಾಂ. "ಇಷ್ಟು ಸಣ್ಣ ಮಗುವಿಗೆ ಸೂಜಿ ಯಾಕೆ" ಎಂದು ಬೇಡ ಅನ್ನುವವರಿಗೆ ಇದನ್ನು ತಿಳಿಸಿ ಹೇಳಬೇಕು.

ಇನ್ನೊಂದು ಕೊಂಡಿ ಎಷ್ಟೋ ಜನ ಮರೆಯುತ್ತಾರೆ. ಊತದಲ್ಲಿ ಸೇರಿದ ರಕ್ತ ಒಡೆದಾಗ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಹೊರಬರುತ್ತದೆ. ಸೆಫಾಲ್‌ಹೆಮಟೋಮಾ ಇರುವ, ಮೈ ತುಂಬ ಮೂಗೇಟಿನ ಕಲೆ ಇರುವ ಮಕ್ಕಳಿಗೆ ಕಾಮಾಲೆ ಜಾಸ್ತಿ ಬರುವುದು ಇದರಿಂದಲೇ. ತಲೆಗೆ ಏನೂ ಮಾಡಬೇಕಿಲ್ಲ ನಿಜ, ಆದರೆ ಕಣ್ಣು, ಮುಖ, ಎದೆ, ಹೊಟ್ಟೆ ಹೀಗೆ ಹಳದಿ ಎಲ್ಲಿವರೆಗೆ ಇಳಿದಿದೆ ಎಂದು ದಿನಾ ಹಗಲ ಬೆಳಕಿನಲ್ಲಿ ನೋಡಬೇಕು. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಮೋಸ ಹೋಗುತ್ತೀರಿ. ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲು ಹಳದಿಯಾದರೆ, ತಡಮಾಡದೆ ರಕ್ತ ಪರೀಕ್ಷೆ. ಎದೆಹಾಲು ಚೆನ್ನಾಗಿ ಕುಡಿದರೆ ಮಲದ ಮೂಲಕ ಬಿಲಿರುಬಿನ್ ಹೊರಗೆ ಹೋಗುತ್ತದೆ, ಬೇಕಾದರೆ ಫೋಟೋಥೆರಪಿ, ಅಂದರೆ ವಿಶೇಷ ದೀಪದ ಬೆಳಕಿನ ಚಿಕಿತ್ಸೆ ಇದೆ. ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕು ಎಂದು ಕೂತರೆ ಆಗುವುದಿಲ್ಲ.

ಸಣ್ಣಪುಟ್ಟವು ಬೇಗ ಮುಗಿಸೋಣ. ಕಣ್ಣಿನ ಬಿಳಿಯಲ್ಲಿ ರಕ್ತದ ಮಚ್ಚೆ ಇದ್ದರೆ ಒಂದೆರಡು ವಾರದಲ್ಲಿ ಹೋಗುತ್ತದೆ, ನೋಟಕ್ಕೆ ತೊಂದರೆಯಿಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿದ್ದ ಮಗುವಿನ ಮುಖ ಮಾತ್ರ ನೀಲಿಯಾಗಿರಬಹುದು. ನಾಲಗೆ, ತುಟಿಯ ಒಳಭಾಗ ಕೆಂಪಗಿದ್ದರೆ ಅದು ಮೂಗೇಟಿನ ನೀಲಿ, ಆಮ್ಲಜನಕ ಕಡಿಮೆಯಾದ ನೀಲಿಯಲ್ಲ. ಅಳುವಾಗ ಬಾಯಿ ಒಂದೇ ಕಡೆ ಎಳೆದು, ಇನ್ನೊಂದು ಕಡೆಯ ಕಣ್ಣು ಮುಚ್ಚದೇ ಇದ್ದರೆ ಮುಖದ ನರಕ್ಕೆ ಒತ್ತು ಬಿದ್ದಿದೆ. ಹೆಚ್ಚಿನವು ಕೆಲವು ವಾರಗಳಲ್ಲಿ ಸರಿಹೋಗುತ್ತವೆ. ಅಲ್ಲಿಯವರೆಗೆ ತೆರೆದೇ ಇರುವ ಕಣ್ಣು ಒಣಗದಂತೆ ಡಾಕ್ಟರು ಬರೆದ ಹನಿ ಹಾಕಬೇಕು. ಕಾಡಿಗೆ ಬೇಡ. ಹಾಲು ಬಾಯಿಯ ಮೂಲೆಯಿಂದ ಸೋರುತ್ತದೆ, ಅದಕ್ಕೆ ತಾಯಿ ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು.

ಹುಟ್ಟಿದ ತಕ್ಷಣ ಅಳದೆ, ಉಸಿರಾಡದೆ ಮೆದುಳಿಗೆ ಆಮ್ಲಜನಕ ಕಡಿಮೆಯಾದ ಮಗುವಿನ ವಿಷಯ ಇವುಗಳ ಜೊತೆ ಬೆರೆಸುವಂಥದ್ದಲ್ಲ. ಅದು ಒತ್ತಡ, ಎಳೆತದ ಗಾಯವಲ್ಲ, ಅದರ ಚಿಕಿತ್ಸೆಯೇ ಬೇರೆ.

ತಲೆಯ ನಂತರ ಹೆಚ್ಚು ಪೆಟ್ಟು ತಿನ್ನುವುದು ಭುಜ. ತಲೆ ಹೊರಗೆ ಬಂದು, ಭುಜ ತಾಯಿಯ ಮುಂಭಾಗದ ಮೂಳೆಯ ಹಿಂದೆ ಸಿಕ್ಕಿಕೊಳ್ಳುತ್ತದೆ. ಲೇಬರ್ ರೂಮಿನಲ್ಲಿ ಇದಕ್ಕಿಂತ ಉಸಿರು ಬಿಗಿಹಿಡಿಯುವ ನಿಮಿಷಗಳು ಕಡಿಮೆ. ದೊಡ್ಡ ಮಗುವಿಗೇ ಆಗಬೇಕೆಂದಿಲ್ಲ, ಸಾಮಾನ್ಯ ತೂಕದ ಮಗುವಿಗೂ ಆಗುತ್ತದೆ. ಆಗ ಮಾಡಬೇಕಾದ್ದು ತಾಯಿಯ ತೊಡೆಗಳನ್ನು ಹೊಟ್ಟೆಯತ್ತ ಚೆನ್ನಾಗಿ ಮಡಚುವುದು, ಕಿಬ್ಬೊಟ್ಟೆಯ ಕೆಳಗೆ, ಮೂಳೆಯ ಸ್ವಲ್ಪ ಮೇಲೆ ಒತ್ತುವುದು. ಹೊಟ್ಟೆಯ ಮೇಲ್ಭಾಗದಿಂದ ದೇಹದ ಭಾರ ಹಾಕಿ ಒತ್ತುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಅದು ಭುಜವನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸುತ್ತದೆ. ಹಳಬರು ಕಲಿಸಿದ್ದು ಎಂಬ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಬೇಕಾಗಿಲ್ಲ.

ಈ ಹೊತ್ತಿನಲ್ಲಿ ಎರಡು ಗಾಯ ಆಗಬಹುದು. ಒಂದು, ಕೊರಳ ಕೆಳಗಿನ ಅಡ್ಡ ಮೂಳೆ, ಅಂದರೆ ಕಾಲರ್ ಬೋನ್ ಮುರಿಯುವುದು. ಹೆರಿಗೆಯಲ್ಲಿ ಅತಿ ಹೆಚ್ಚು ಮುರಿಯುವ ಮೂಳೆ ಇದೇ. ಕೇಳಲು ಭಯ, ಆದರೆ ವಾಸಿಯಾಗುವುದು ಅಷ್ಟೇ ಬೇಗ. ವಾರ ಹತ್ತು ದಿನದಲ್ಲಿ ಮುರಿದ ಜಾಗದಲ್ಲಿ ಹೊಸ ಮೂಳೆಯ ಗಂಟು ಕೈಗೆ ಸಿಗುತ್ತದೆ. ಪ್ಲಾಸ್ಟರ್ ಬೇಡ. ಆ ಕಡೆಯ ಅಂಗಿ ತೋಳನ್ನು ಎದೆಯ ಭಾಗಕ್ಕೆ ಪಿನ್ ಮಾಡಿ ಕೈ ಅಲ್ಲಾಡದಂತೆ ಇಟ್ಟರೆ ಸಾಕು.

ಎರಡನೆಯದು ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಗೊಂಚಲು ಎಳೆದುಹೋಗುವುದು. ಮೇಲಿನ ನರಗಳಿಗೆ ಪೆಟ್ಟಾದರೆ ಅರ್ಬ್ಸ್ ಪಾಲ್ಸಿ. 1874ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಅರ್ಬ್ ಈ ನರಗಳ ಜಾಗವನ್ನು ಗುರುತಿಸಿದರು, ಹೆಸರು ಅವರದೇ. ತೋಳು ಪಕ್ಕಕ್ಕೆ ಜೋತುಬಿದ್ದಿರುತ್ತದೆ. ಮೊಣಕೈ ನೆಟ್ಟಗೆ, ಅಂಗೈ ಹಿಂದಕ್ಕೆ ತಿರುಗಿ, ಮಣಿಕಟ್ಟು ಬಾಗಿರುತ್ತದೆ. ಮಗು ಬೆಚ್ಚಿದಾಗ ಒಂದೇ ಕೈ ಮೇಲೆ ಹೋಗುತ್ತದೆ. ಆದರೆ ಅಂಗೈಯಲ್ಲಿ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೆಳಗಿನ ನರಗಳಿಗೆ ಪೆಟ್ಟಾದರೆ ತಿರುಗುಮುರುಗು, ಹಿಡಿತವೇ ಇರುವುದಿಲ್ಲ. ಇದು ಅಪರೂಪ. ಇದನ್ನು 1885ರಲ್ಲಿ ವಿವರಿಸಿದ ಅಗಸ್ಟಾ ಕ್ಲುಂಪ್ಕೆ ಆಗಿನ್ನೂ ಪ್ಯಾರಿಸ್‌ನಲ್ಲಿ ಓದುತ್ತಿದ್ದ ಹೆಣ್ಣುಮಗಳು. ಹೆಣ್ಣುಮಕ್ಕಳು ವೈದ್ಯಕೀಯ ಓದುವುದನ್ನೇ ಆಸ್ಪತ್ರೆಗಳು ಅನುಮಾನದಿಂದ ನೋಡುತ್ತಿದ್ದ ಕಾಲ ಅದು.

ಕೈ ಅಲ್ಲಾಡಿಸದ ಮಗುವಿನ ಉಸಿರನ್ನೂ ನೋಡಬೇಕು. ಅದೇ ಕುತ್ತಿಗೆಯ ಸ್ವಲ್ಪ ಮೇಲಿನಿಂದ ವಪೆಗೆ, ಅಂದರೆ ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವಿಗೆ ಹೋಗುವ ನರ ಹೊರಡುತ್ತದೆ. ಅದಕ್ಕೂ ಪೆಟ್ಟಾಗಿದ್ದರೆ ಮಗು ಏದುಸಿರು ಬಿಡುತ್ತದೆ, ಹಾಲು ಕುಡಿಯುವಾಗ ಸುಸ್ತಾಗುತ್ತದೆ.

ನೋವಿರುವ ತೋಳಿನ ಮಗುವಿಗೆ ಅಂಗಿ ಹಾಕುವುದೇ ಒಂದು ಕಲೆ. ಹಾಕುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಪೆಟ್ಟಾದ ಕೈ ಕೊನೆಗೆ. ತೋಳಿನೊಳಗೆ ಮಗುವಿನ ಕೈಯನ್ನು ತೂರಿಸಬಾರದು. ತೋಳನ್ನು ಮುದುರಿ ಹಿಡಿದು, ನಿಮ್ಮ ಬೆರಳು ಒಳಗೆ ಹಾಕಿ, ಮಗುವಿನ ಕೈ ಹಿಡಿದುಕೊಂಡು ಬಟ್ಟೆಯನ್ನೇ ಮೇಲಕ್ಕೆ ಸರಿಸಬೇಕು. ಮುಂದೆ ಗುಂಡಿ ಅಥವಾ ಲಾಡಿ ಇರುವ ಅಂಗಿ ಒಳ್ಳೆಯದು, ತಲೆ ಮೇಲಿಂದ ಹಾಕುವುದು ಬೇಡ. ಕಂಕುಳಲ್ಲಿ ಕೈ ಹಾಕಿ ಎತ್ತಬಾರದು. ಒಂದು ಅಂಗೈ ತಲೆ, ಕತ್ತಿನ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ. ಹಾಲು ಕೊಡುವಾಗ ಪೆಟ್ಟಾದ ಕಡೆ ಮೇಲಿರುವಂತೆ ಹಿಡಿದುಕೊಳ್ಳಬೇಕು. ತಾಯಿ ತನ್ನ ತೋಳಿನ ಕೆಳಗೆ, ಪಕ್ಕಕ್ಕೆ ಮಗುವನ್ನು ಇರಿಸಿಕೊಂಡರೆ ಇದು ಸುಲಭ. ನೋವಿಗೆ ಎದೆಹಾಲು, ತಾಯಿಯ ಎದೆಗೆ ಚರ್ಮ ತಾಗುವಂತೆ ಮಲಗಿಸುವುದು ನಿಜಕ್ಕೂ ಕೆಲಸ ಮಾಡುತ್ತವೆ. ಔಷಧಿ ಬೇಕೋ ಬೇಡವೋ ಡಾಕ್ಟರು ಹೇಳಬೇಕು.

ನರಕ್ಕೆ ಪೆಟ್ಟಾದ ತೋಳಿಗೆ ಮೊದಲ ವಾರ, ಹತ್ತು ದಿನ ವಿಶ್ರಾಂತಿ. ಆಮೇಲೆ ಫಿಸಿಯೋಥೆರಪಿಯವರು ತೋರಿಸಿದಂತೆ ಭುಜ, ಮೊಣಕೈ, ಮಣಿಕಟ್ಟು, ಬೆರಳು ಒಂದೊಂದಾಗಿ ಮೆಲ್ಲಗೆ ಆಡಿಸಬೇಕು. ಇಲ್ಲದಿದ್ದರೆ ನರ ಚೇತರಿಸಿಕೊಳ್ಳುವ ಹೊತ್ತಿಗೆ ಕೀಲು ಬಿಗಿದುಕೊಂಡಿರುತ್ತದೆ. ಬಟ್ಟೆ ಬದಲಾಯಿಸುವಾಗಲೆಲ್ಲ ಒಂದು ಸುತ್ತು ಮಾಡಿಬಿಟ್ಟರೆ ಮರೆತುಹೋಗುವುದಿಲ್ಲ.

ಮನೆಗೆ ಹೋದ ಮೇಲೆ ನಮ್ಮ ಕಡೆ ನಿಜವಾದ ಪರೀಕ್ಷೆ ಶುರುವಾಗುವುದು ಬಚ್ಚಲಲ್ಲಿ. ಮಗುವಿಗೆ ಎರೆಯುವವರ ಕೈ ಅನುಭವದ ಕೈ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಲೆ ದುಂಡಗಾಗಲಿ ಎಂದು ತಟ್ಟುವುದು, ಒತ್ತುವುದು, ಕೈಗಳನ್ನು ಅಡ್ಡ ಎಳೆದು ಮಡಚುವುದು, ಕಾಲು ಹಿಡಿದು ತಲೆಕೆಳಗಾಗಿ ಎತ್ತುವುದು ಇವೆಲ್ಲ ಪೆಟ್ಟಾದ ಮಗುವಿಗೆ ಸಲ್ಲ. ಹೀಗಾಗಿ ಡಿಸ್ಚಾರ್ಜ್ ದಿನ ತಾಯಿಯೊಬ್ಬಳಿಗೇ ಹೇಳಿ ಕಳಿಸಿದರೆ ಸಾಲದು. ಅಜ್ಜಿಯನ್ನೂ ಕೂರಿಸಿಕೊಂಡು ಹೇಳಬೇಕು.

"ಸಿಸ್ಟರ್, ಈ ಗಡ್ಡೆಗೆ ಬಿಸಿ ಎಣ್ಣೆ ಹಚ್ಚಿ ನೀವಿದ್ರೆ ಕರಗಲ್ವಾ?"

"ಬೇಡ ಅಜ್ಜಿ. ಒಳಗೆ ರಕ್ತ ನಿಂತಿದೆ, ನೀವಿದ್ರೆ ಜಾಸ್ತಿ ಆಗುತ್ತೆ. ಮೈಗೆಲ್ಲ ಎಣ್ಣೆ ಹಚ್ಚಿ, ಅಲ್ಲಿ ಮಾತ್ರ ಕೈ ಇಡಬೇಡಿ. ನೀವೇ ದಿನಾ ನೋಡ್ಕೊಳ್ಳಿ, ದೊಡ್ಡದಾದ್ರೆ ಮೊದಲು ಗೊತ್ತಾಗೋದು ನಿಮಗೇ."

ಕೊನೆಯ ಮಾತು ಮುಖ್ಯ. "ಮಾಡಬೇಡಿ" ಎಂದಷ್ಟೇ ಹೇಳಿದರೆ ಅಜ್ಜಿ ಮನೆಯಲ್ಲಿ ಮಾಡಿಯೇ ಮಾಡುತ್ತಾರೆ. ಕೆಲಸ ಕೊಟ್ಟರೆ ಕಾಯುತ್ತಾರೆ.

ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಕೀರಲು ದನಿಯಲ್ಲಿ ಅಳುತ್ತಲೇ ಇದ್ದರೆ, ಕೈಕಾಲು ಸೆಳೆತ ಬಂದರೆ, ನೆತ್ತಿ ಉಬ್ಬಿದರೆ, ಬಿಳುಚಿಕೊಂಡರೆ ಅಥವಾ ಹಳದಿ ಪಾದಕ್ಕೆ ಇಳಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಜಿಲ್ಲಾ ಆಸ್ಪತ್ರೆಗಳ ಎಸ್‌ಎನ್‌ಸಿಯುಗಳು ಇರುವುದೇ ಇಂಥ ಮಕ್ಕಳಿಗೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಓಡಾಟವೂ ಉಚಿತ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ತಲೆಯ ಊತ, ತೋಳಿನ ವಿಷಯ ಅವರು ಕೇಳುವವರೆಗೆ ಕಾಯದೆ ನೀವೇ ತೋರಿಸಿ.

ಅರ್ಬ್ಸ್ ಪಾಲ್ಸಿಯ ಮಕ್ಕಳಲ್ಲಿ ಹೆಚ್ಚಿನವರ ಕೈಗೆ ಮೊದಲ ಕೆಲವು ತಿಂಗಳಲ್ಲೇ ಬಲ ಬರುತ್ತದೆ. ಬರದವರನ್ನು ಗುರುತಿಸುವ ಗಡುವು ಮೂರು ತಿಂಗಳು. ಅಷ್ಟು ಹೊತ್ತಿಗೆ ಮಗು ತನ್ನಷ್ಟಕ್ಕೆ ಮೊಣಕೈ ಮಡಚಿ ಕೈಯನ್ನು ಬಾಯಿಯತ್ತ ತರಲು ನೋಡದಿದ್ದರೆ ನರಗಳ ಆಪರೇಷನ್ ಮಾಡುವ ತಜ್ಞರಿಗೆ ತೋರಿಸಬೇಕು. "ಬೆಳೆದಂತೆ ಸರಿಹೋಗುತ್ತೆ" ಎಂದು ವರ್ಷ ಕಳೆದರೆ ಸ್ನಾಯು ಸೊರಗಿ, ಆಪರೇಷನ್‌ನಿಂದ ಸಿಗಬೇಕಾದ ಲಾಭ ಸಿಗುವುದಿಲ್ಲ. ಆಶಾ ಅವರ 42ನೇ ದಿನದ ಭೇಟಿ ಆಗ ಮುಗಿದಿರುತ್ತದೆ. ಆದರೆ ಚುಚ್ಚುಮದ್ದಿನ ದಿನಗಳು 6, 10, 14ನೇ ವಾರಕ್ಕೆ ಬೀಳುತ್ತವೆ. 14ನೇ ವಾರ ಅಂದರೆ ಮೂರು ತಿಂಗಳು ಆಗತಾನೆ ದಾಟಿರುತ್ತದೆ. ಅವತ್ತು ಹೇಗೂ ಅಂಗಿ ಬಿಚ್ಚುತ್ತೀರಿ, ಎರಡೂ ಕೈಗಳನ್ನು ಡಾಕ್ಟರಿಗೆ ತೋರಿಸಿಕೊಂಡೇ ಬನ್ನಿ.